ಕೋಡಿ ಜಟಗನ ಪರವಾಗಿ ಬೆಳ್ಳಿ

ಬೆಳ್ಳಿಯ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಬರೆಯುತ್ತಲೂ ಇರಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಹನ್ನೆರಡು ವರ್ಷ ಹೊಟ್ಟೆಕಿಚ್ಚಿತ್ತು. ಈಗ ಪೂರ್ತಿ ಆರಿದೆ ಎಂದೂ ಹೇಳಲಾರೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು.

ನಾನು ದುರ್ಗಪ್ಪ ನಾಯ್ಕ, ಪ್ರಾಥಮಿಕ ಶಾಲೆಯ ಮಾಸ್ತರ. ಹುಟ್ಟಿದ್ದು ಭಟ್ಕಳ ತಾಲೂಕಿನ ಮಾವಳ್ಳಿಯಲ್ಲಿ. ಎಪ್ಪತ್ತೆರಡರಲ್ಲಿ ಕುಮಟಾ ತಾಲೂಕಿನ ಕೋಡಿಕೇರಿಗೆ ವರ್ಗವಾಗಿ ಬಂದೆ. ತದಡಿಯ ಈಚೆಗೆ ಅಘನಾಶಿನಿ ಹೊಳೆಯಿಂದ ಉಪ್ಪುನೀರಿನ ಒಂದು ಕವಲು ಒಳಕ್ಕೆ ಚಾಚಿಕೊಂಡಿದೆ, ಅದನ್ನೇ ಜನ ಕೋಡಿ ಎನ್ನುತ್ತಾರೆ. ಅದರ ದಂಡೆಯಲ್ಲಿ ಮೂವತ್ತು ಮನೆ, ಒಂದು ಶಾಲೆ, ಒಬ್ಬ ಮಾಸ್ತರ. ಕರ್ಕಿಯ ತಾಳಮದ್ದಲೆಯಲ್ಲಿ ಕೃಷ್ಣನ ಅರ್ಥ ಹೇಳಿ ಚಪ್ಪಾಳೆ ಗಿಟ್ಟಿಸಿದವನು ನಾನು. ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಇನ್‌ಸ್ಪೆಕ್ಟರರೇ ಷರಾ ಬರೆದಿದ್ದರು. ಇಂಥವನು ಬಂದಿದ್ದಾನೆ, ಊರು ಇನ್ನು ನನ್ನ ಮಾತಿನಂತೆ ನಡೆಯುತ್ತದೆ ಎಂದು ನಾನು ತಿಳಿದದ್ದರಲ್ಲಿ ತಪ್ಪೇನಿತ್ತು?

ಊರು ನಡೆಯುತ್ತಿದ್ದದ್ದು ಬೆಳ್ಳಿಯ ಮಾತಿನಂತೆ. ಈರ ಅಂಬಿಗನ ಹೆಂಡತಿ. ಆಗ ಅವಳಿಗೆ ಮೂವತ್ತೈದರ ಆಸುಪಾಸು. ಸಣಕಲು ಮೈ, ಉಪ್ಪುನೀರಿಗೆ ಬಿರಿದ ಕಾಲು, ಹೆಬ್ಬೆಟ್ಟಿನ ಸಹಿ. ಗಂಡ ಮಲ್ಪೆಯ ಬೋಟುಗಳಲ್ಲಿ ದುಡಿಯುತ್ತ ವರ್ಷಕ್ಕೆರಡು ಸಲ ಮನೆಗೆ ಬರುತ್ತಿದ್ದ. ಕೇರಿಯ ಹೆಂಗಸರೆಲ್ಲ ಮಾಡುತ್ತಿದ್ದದ್ದು ಒಂದೇ ಕೆಲಸ. ನೀರು ಇಳಿದಾಗ ಕೋಡಿಯ ಕೆಸರಿಗಿಳಿದು, ಕಾಲಿನಲ್ಲಿ ತಡಕಿ, ಬಳಚು ಎಂಬ ಚಿಪ್ಪಿನ ಮೀನನ್ನು ಹೆಕ್ಕಿ ಬುಟ್ಟಿ ತುಂಬುವುದು. ನೋಡುವುದಕ್ಕೆ ಸುಲಭ. ಆದರೆ ಆ ಕೆಸರಿನಲ್ಲಿ ಕಾಲು ಮೊಣಕಾಲಿನ ತನಕ ಹೂತುಹೋಗುತ್ತದೆ. ಏರುನೀರು ಹಿಂದಿನಿಂದ ಬಂದದ್ದು ತಿಳಿಯದೆ ಹೋದರೆ ಕಾಲು ಕಿತ್ತುಕೊಳ್ಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾಗೆ ಹೋದವರು ಆ ಕೇರಿಯಲ್ಲಿದ್ದರು.

ಅದಕ್ಕೇ ನೀರಿನ ಹೊತ್ತು ಎಣಿಸುವವರು ಒಬ್ಬರು ಬೇಕು. ದಿನಕ್ಕೆ ಎರಡು ಗಳಿಗೆಯಂತೆ, ಅಂದರೆ ಮುಕ್ಕಾಲು ಗಂಟೆಯಷ್ಟು, ನೀರು ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಉಕ್ಕಿ ಬರುತ್ತದೆ, ಅಷ್ಟಮಿ ನವಮಿಗೆ ಸತ್ತ ಹಾಗಿರುತ್ತದೆ. ಬೆಳ್ಳಿ ತಿಥಿಯನ್ನು ಬೆರಳ ಗೆಣ್ಣಿನ ಮೇಲೆ ಹಾಯಿಸಿ ಇಳಿಯುವ ಹೊತ್ತು ಹೇಳುವಳು, ಏಳುವ ಹೊತ್ತು ಹೇಳುವಳು. ಇಪ್ಪತ್ತು ಹೆಂಗಸರ ಜೀವ ಆ ಬೆರಳುಗಳ ಮೇಲಿತ್ತು. ಹಾಗಾಗಿ ಮದುವೆಗೆ ಹೆಣ್ಣು ನೋಡುವುದಾಗಲಿ, ಜಗಳ ಬಗೆಹರಿಸುವುದಾಗಲಿ, ಮೊದಲು ಬೆಳ್ಳಿಯನ್ನು ಕೇಳಬೇಕು. ನನ್ನ ಹತ್ತಿರ ಬರುತ್ತಿದ್ದದ್ದು ಮನಿಯಾರ್ಡರ್ ಫಾರಂ ತುಂಬಿಸುವುದಕ್ಕೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಮಕ್ಕಳಿಂದ ಕಾಪಿ ಬರೆಸುವವನು ನಾನು. ಕೈ ಕೆಸರಾದವಳಿಗೆ ನಿಜವಾಗಿ ಮೊಸರು ಸಿಕ್ಕಾಗ ನೋಡಿ ಸಹಿಸಲಾಗಲಿಲ್ಲ.

ಎಂಬತ್ತೆರಡರ ಮಳೆಗಾಲ ಮುಗಿಯುತ್ತಿದ್ದಂತೆ ಹೊರಗಿನ ಧನಿಯೊಬ್ಬ ಕೋಡಿಯ ಎರಡೂ ಬದಿಯ ಜಾಗಕ್ಕೆ ಕಾಗದಪತ್ರ ಮಾಡಿಸಿಕೊಂಡು ಬಂದ. ಸೀಗಡಿ ಸಾಕುವ ಹೊಂಡ ಮಾಡುತ್ತಾನಂತೆ. ಹದಿನೈದು ದಿನದಲ್ಲಿ ಕೋಡಿಯ ಬಾಯಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಒಡ್ಡು ಎದ್ದಿತು. ಹೊಳೆಯ ನೀರು ಒಡ್ಡಿಗೆ ಬಡಿದು ಹಿಂದೆ ಹೋಗತೊಡಗಿತು. ದಂಡೆಯಲ್ಲಿ ಉಪ್ಪುನೀರು ಕುಡಿದೇ ಬೆಳೆಯುವ ಕಾಂಡ್ಲ ಗಿಡಗಳು ಹಳದಿಯಾದವು. ಎರಡು ತಿಂಗಳಿಗೆ ಒಳಗಿನ ಬಳಚು ಬಾಯಿ ಬಿಟ್ಟು ಸತ್ತು, ಅದರ ನಾತ ಶಾಲೆಯೊಳಗೂ ಬಂತು. ಮೂವತ್ತು ಮನೆಯ ಒಲೆ ಉರಿಯುತ್ತಿದ್ದದ್ದು ಆ ಕೋಡಿಯಿಂದ.

ಅರ್ಜಿ ಬರೆದವನು ನಾನು. ತಹಶೀಲ್ದಾರರಿಗೆ, ಮೀನುಗಾರಿಕೆಯವರಿಗೆ, ಎ.ಸಿ. ಸಾಹೇಬರಿಗೆ, ತಲಾ ನಾಲ್ಕು ಪುಟ. ಯಾವುದಕ್ಕೂ ಉತ್ತರ ಬರಲಿಲ್ಲ. ಕೊನೆಗೆ ಕುಮಟೆಯ ವಕೀಲ ಶ್ರೀಕೃಷ್ಣರ ಹತ್ತಿರ ಹೋದೆವು. ನಾನು, ಬೆಳ್ಳಿ, ಅವಳ ಜೊತೆಗಾತಿ ನಾಗಿ. ವಕೀಲರು ನನ್ನ ಅರ್ಜಿಗಳನ್ನು ತಿರುವಿ ಹಾಕಿ, “ಅಕ್ಷರ ಚೆನ್ನಾಗಿದೆ. ಆದರೆ ದಾವೆ ಹಾಕುವವರು ಯಾರು? ಅನ್ಯಾಯ ಆದದ್ದು ಹೊಳೆಗೆ. ಹೊಳೆ ಕೋರ್ಟಿಗೆ ಬರುವುದಿಲ್ಲವಲ್ಲ” ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು, “ಆ ಕೋಡಿಯಲ್ಲಿ ದೇವರು ಗೀವರು ಏನಾದರೂ ಇದೆಯೋ?”

“ಜಟಗ ಅದೆ,” ಎಂದಳು ಬೆಳ್ಳಿ. “ಕೋಡಿ ಒಳಗಿನ ತುದೀಲಿ ಒಂದು ಕಲ್ಲು. ನಾವು ಯಾರೂ ಅವಂಗೆ ನೀರು ಹೊಯ್ಯುದಿಲ್ಲ. ಅಮಾಸೆ ಹುಣ್ಮಿಗೆ ಹೊಳೆಯೇ ಬಂದು ಮೀಸ್ಕಂಡು ಹೋತದೆ. ಒಡ್ಡು ಕಟ್ಟಿದ ಮೇಲೆ ಅವಂಗೆ ಮೀಯುದೇ ಇಲ್ಲ.”

ವಕೀಲರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕಾಯ್ದೆಯ ಕಣ್ಣಿನಲ್ಲಿ ದೇವರೂ ಒಬ್ಬ ಆಸಾಮಿ, ಅವನಿಗೆ ಹಕ್ಕಿರುತ್ತದೆ, ದಾವೆ ಹಾಕಬಹುದು ಎಂದು ಬಿಡಿಸಿ ಹೇಳಿದರು. ಜಟಗನಿಗೆ ಹೊಳೆಯ ಸ್ನಾನದ ಹಕ್ಕಿದ್ದರೆ, ಹೊಳೆಗೆ ಅವನ ತನಕ ಬರುವ ಹಕ್ಕೂ ಇದ್ದ ಹಾಗಾಯಿತು. ಆದರೆ ದೇವರು ಕೋರ್ಟಿನ ಲೆಕ್ಕದಲ್ಲಿ ಎಳೆಮಗುವಿನ ಹಾಗೆ. ಅವನ ಪರವಾಗಿ ನಿಂತು ಮಾತಾಡುವವರು ಒಬ್ಬರು ಬೇಕು, ಅಂಥವರಿಗೆ ವಾದಮಿತ್ರ ಎನ್ನುತ್ತಾರೆ.

ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ಮುನ್ಸೀಫರ ಮುಂದೆ ಹೇಗೆ ಶುರುಮಾಡಬೇಕು ಎಂಬುದೂ ತಲೆಯಲ್ಲಿ ಮೂಡಿತ್ತು.

“ಕಲ್ಲಿಗೆ ಹೂವು ಇಡುವವರು ಯಾರು?” ಎಂದರು ವಕೀಲರು. “ಬೆಳ್ಳಿ,” ಎಂದಳು ನಾಗಿ. “ಹಾಗಾದರೆ ಬೆಳ್ಳಿಯೇ ಆಗಲಿ. ಮಾಸ್ತರ್ರೇ, ನೀವು ಸರ್ಕಾರಿ ನೌಕರರು. ನಿಮ್ಮ ಹೆಸರು ಹಾಕಿದರೆ ನಾಳೆಯೇ ಎತ್ತಂಗಡಿ ಮಾಡುತ್ತಾರೆ.”

ಮಾತು ನ್ಯಾಯವಾದದ್ದೇ. ನ್ಯಾಯವಾದ ಮಾತಿಗೇ ಹೆಚ್ಚು ಉರಿಯುವುದು. ದಾವೆಯ ಮೊದಲ ಸಾಲನ್ನು ನನ್ನ ಕೈಯಿಂದಲೇ ಬರೆಸಿದರು: ‘ಶ್ರೀ ಕೋಡಿ ಜಟಗ ದೇವರು, ಇವರ ಪರವಾಗಿ ವಾದಮಿತ್ರ ಬೆಳ್ಳಿ ಕೋಂ ಈರ ಅಂಬಿಗ.’ ದೇವರ ಪಕ್ಕದಲ್ಲಿ ಅವಳ ಹೆಸರು. ಮನೆಗೆ ಬಂದು ಊಟಕ್ಕೆ ಕೂತವನು ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ’ ಎಂದು ಗಾದೆ ಹೇಳಿದೆ. ಹೆಂಡತಿ ನೀಲಾ ಸಾರಿನ ಸೌಟು ಹಿಡಿದು ನಕ್ಕಳು. “ಬೆಳ್ಳಕ್ಕ ಕೊಡೆ ಹಿಡ್ದದ್ದು ನಾ ನೋಡ್ಲಿಲ್ಲ. ನಿಮ್ಗೆ ಹೊಟ್ಟೆಕಿಚ್ಚು ಅವ್ಳ ಮೇಲೋ, ಜಟಗನ ಮೇಲೋ? ಅದನ್ನಾದ್ರೂ ಹೇಳಿ,” ಎಂದಳು.

ಎಂಬತ್ಮೂರರಲ್ಲಿ ವಿಚಾರಣೆ. ಎದುರು ವಕೀಲ ದೊಡ್ಡ ಬಾಯಿಯವನು. ಬೆಳ್ಳಿ ಕಟಕಟೆ ಹತ್ತಿದಾಗ ನಡುಗುತ್ತಾಳೆ ಎಂದುಕೊಂಡಿದ್ದೆ, ನಡುಗಲಿ ಎಂದು ಬಯಸಿದ್ದೆ ಕೂಡ. ಅವನು ಕೇಳಿದ, “ಕೋಡಿಯ ಜಾಗ ಯಾರದ್ದಮ್ಮ?”

“ಹೊಳೇದು.”

“ಹೊಳೆಯ ಹೆಸರಲ್ಲಿ ಪಟ್ಟೆ ಇದೆಯಾ? ನಮ್ಮ ಕಕ್ಷಿದಾರರ ಹತ್ತಿರ ಕಾಗದ ಇದೆ.”

“ಕಾಗ್ದ ಇಲ್ಲ ಒಡೆಯಾ. ಹೊಳೆ ದಿನಕ್ಕೆ ಎರಡು ಸಲ ತನ್ನ ಜಾಗ ನೋಡಿ ಹೋತಿತ್ತು. ಧನಿಯೋರು ಒಂದು ಸಲ ಆದ್ರೂ ಬಂದು ನೋಡಿದ್ದು ನಾ ಕಂಡದ್ದಿಲ್ಲ.”

ಕೋರ್ಟು ಹಾಲಿನಲ್ಲಿ ನಗೆ ಎದ್ದಿತು. ಮುನ್ಸೀಫರೂ ತುಟಿ ಕಚ್ಚಿಕೊಂಡರು. ಹೊರಗೆ ಬಂದಾಗ ಬೇರೆ ಕೇಸಿಗೆ ಬಂದಿದ್ದ ಹೊನ್ನಾವರದ ಕಡೆಯವರು ಅವಳನ್ನು ಸುತ್ತುವರಿದು ನಿಂತರು. ನಾನು ಮೂರು ವಾರದಿಂದ ಅವಳಿಗೆ ಉತ್ತರ ಬಾಯಿಪಾಠ ಮಾಡಿಸಿದ್ದೆ, ಸಂಸ್ಕೃತದ ಒಂದು ಶ್ಲೋಕವನ್ನೂ ಸೇರಿಸಿದ್ದೆ. ಅವಳು ಅದರಲ್ಲಿ ಒಂದಕ್ಷರವನ್ನೂ ಹೇಳಿರಲಿಲ್ಲ. ಅಂಥ ಮಾತು ನನಗೆ ಹೊಳೆಯುವುದಿದ್ದರೆ ಮರುದಿನ ಸ್ನಾನ ಮಾಡುವಾಗ ಹೊಳೆಯುತ್ತದೆ. ಅವಳಿಗೆ ಕಟಕಟೆಯಲ್ಲೇ ಹೊಳೆಯಿತು. ಕುಮಟೆಯಿಂದ ಬಸ್ಸಿನಲ್ಲಿ ಬರುವಾಗ ಅವಳು ಸೀಟು ತೋರಿಸಿ, “ಕೂರಿ ಮಾಸ್ತರ್ರೆ,” ಎಂದಳು. ನಾನು ಬೇಕೆಂದೇ ಊರಿನ ತನಕ ನಿಂತುಕೊಂಡು ಬಂದೆ.

ಇನ್ನು ನಾನು ಮಾಡಿದ್ದಕ್ಕೆ ಬರುತ್ತೇನೆ.

ಕೋರ್ಟು ಸ್ಥಳ ನೋಡಿ ವರದಿ ಕೊಡಲು ಒಬ್ಬ ಎಳೆಯ ವಕೀಲರನ್ನು ಕಮಿಷನರ್ ಎಂದು ನೇಮಿಸಿತು. ಇಡೀ ದಾವೆ ಆ ವರದಿಯ ಮೇಲೆ ನಿಂತಿತ್ತು. ಒಡ್ಡು ಇಲ್ಲದಿದ್ದರೆ ನೀರು ಜಟಗನ ಕಲ್ಲಿನ ತನಕ ಏರುತ್ತಿತ್ತು ಎಂದು ಅವರ ಕಣ್ಣಿಗೆ ಕಾಣಬೇಕು. ಕಂಡರೆ ಗೆದ್ದೆವು, ಕಾಣದಿದ್ದರೆ ಕೋಡಿ ಶಾಶ್ವತವಾಗಿ ಧನಿಯ ಹೊಂಡ. ಎಂಬತ್ನಾಲ್ಕರ ಜನವರಿಯ ಒಂದು ಸೋಮವಾರ ಪೋಸ್ಟ್‌ಮ್ಯಾನ್ ದೇವು ಶಾಲೆಯ ಬಾಗಿಲಲ್ಲಿ ಒಂದು ಕಾರ್ಡು ಕೊಟ್ಟು ಹೋದ. ಕೇರಿಯ ಟಪಾಲೆಲ್ಲ ನನ್ನ ಕೈಗೇ ಬರುವುದು, ಓದಿ ಹೇಳುವವನು ನಾನಲ್ಲವೇ. ವಕೀಲರ ಕಾರ್ಡು. ‘ಬೆಳ್ಳಿಗೆ, ಮಾಸ್ತರರ ಮುಖಾಂತರ. ಬರುವ ವಾರ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಮಿಷನರ್ ಬರುತ್ತಾರೆ. ಆ ದಿನ ಕೋಡಿಗೆ ನೀರು ಏರುತ್ತದೆಯೇ? ಇಲ್ಲವಾದರೆ ಈ ಶನಿವಾರದೊಳಗೆ ತಿಳಿಸು, ಬೇರೆ ದಿನ ಕೇಳುತ್ತೇನೆ. ಇದು ನಿನಗೇ ಗೊತ್ತಾಗುವ ವಿಷಯ.’

ಮುಖಾಂತರ. ನಾನೆಂದರೆ ಅಂಚೆಪೆಟ್ಟಿಗೆ. ನಾಲ್ಕು ಪುಟದ ಅರ್ಜಿ ಬರೆದವನಿಗೆ ಒಂದು ನಮಸ್ಕಾರವೂ ಇಲ್ಲ, ಹೆಬ್ಬೆಟ್ಟಿನವಳಿಗೆ ‘ನಿನಗೇ ಗೊತ್ತಾಗುವ ವಿಷಯ’. ಶಾಲೆಯ ಗೋಡೆಯ ಪಂಚಾಂಗ ನೋಡಿದೆ. ಆ ಗುರುವಾರ ನವಮಿ. ನೀರು ಸತ್ತ ದಿನ, ಅದೂ ಹನ್ನೊಂದು ಗಂಟೆಗೆ ಇಳಿದುಹೋಗಿರುತ್ತದೆ. ಕಾರ್ಡನ್ನು ಹಾಜರಿ ಪುಸ್ತಕದೊಳಗಿಟ್ಟೆ. ಸಂಜೆ ಕೊಟ್ಟರಾಯಿತು ಎಂದುಕೊಂಡೆ. ಮಂಗಳವಾರ ಕೊಟ್ಟರಾಯಿತು ಎಂದುಕೊಂಡೆ. ದಿನಾ ಬೆಳಿಗ್ಗೆ ಹಾಜರಿ ಕರೆಯುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬೀಗ ಹಾಕುವಾಗ ಏನು ಮಾಡುತ್ತಿದ್ದೇನೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಒಮ್ಮೆ, ಒಂದೇ ಒಂದು ಸಲ, ಎಲ್ಲರೆದುರು ಏನೂ ತೋಚದೆ ನಿಲ್ಲಲಿ ಎಂದು ನನಗೆ ಆಸೆಯಾಗಿತ್ತು.

ಬುಧವಾರ ಮಧ್ಯಾಹ್ನ ಕಾರ್ಡು ಒಯ್ದು ಓದಿ ಹೇಳಿದೆ. ಬೆಳ್ಳಿ ಬೆರಳು ಎಣಿಸಿಯೂ ನೋಡಲಿಲ್ಲ. “ನಾಳೆ ನವಮಿ ಅಲ್ದ ಮಾಸ್ತರ್ರೆ. ನಾಳೆ ಬಂದು ಅವ್ರು ಎಂತ ನೋಡುದು?” ಎಂದಳು. ಮುಖ ಬೆಳ್ಳಗಾಗಿತ್ತು. ನಾನು ಆ ಮುಖ ನೋಡಿದೆ. ಹತ್ತು ದಿನ ಕಾದಿದ್ದ ಖುಷಿ ಬರಲಿಲ್ಲ.

ಗುರುವಾರ ಕಮಿಷನರ್ ಬಂದರು. ಹೊಳೆ ಒಡ್ಡಿನ ಬುಡದಿಂದ ಎಷ್ಟೋ ಕೆಳಗೆ ಮಲಗಿತ್ತು. ಎದುರು ವಕೀಲ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, “ನೋಡಿ ಸ್ವಾಮಿ, ಹೊಳೆಯೇ ಇಷ್ಟು ಕೆಳಗಿದೆ. ಈ ನೀರು ಹೋಗಿ ಆ ಕಲ್ಲಿಗೆ ಸ್ನಾನ ಮಾಡಿಸುವುದಂತೆ,” ಎಂದ. ಬೆಳ್ಳಿ ಅಮಾವಾಸ್ಯೆಗೆ ಬನ್ನಿ, ಅಮಾವಾಸ್ಯೆಗೆ ಬನ್ನಿ ಎಂದು ಮೂರು ಸಲ ಹೇಳಿದಳು. ಕಂಡದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಎಂದು ಅವರು ಬರೆದುಕೊಂಡು ಹೋದರು.

ಮರುದಿನ ಕುಮಟೆಯಲ್ಲಿ ವಕೀಲ ಶ್ರೀಕೃಷ್ಣರು ಮೇಜು ಕುಟ್ಟಿದರು. “ಕಾರ್ಡು ಹಾಕಿದ್ದೆನಲ್ಲ. ತಲುಪಲಿಲ್ಲವಾ?”

ಬೆಳ್ಳಿ ನನ್ನ ಕಡೆ ತಿರುಗಲೂ ಇಲ್ಲ.

“ತಲುಪ್ತು. ಹೊತ್ತಿಗೆ ಸರಿಯಾಗೇ ಬಂತು. ಮಾಸ್ತರ್ರು ಅವತ್ತೇ ಓದಿ ಹೇಳಿದ್ರು. ತಿಥಿ ಎಣಿಸುದ್ರಲ್ಲಿ ನಾನೇ ತಪ್ಪಿದೆ. ಅಮಾಸೆ ಬತ್ತದೆ ಅಂದ್ಕಂಡೆ.”

ನಾಗಿ ಬಾಯಿ ತೆರೆದು ಅವಳನ್ನೇ ನೋಡಿದಳು. ಹಾಗಾದರೆ ದಾರಿ ಇದೆ ಎಂದರು ವಕೀಲರು. ವಾದಮಿತ್ರ ಓದುಬರಹ ಬಾರದ ಹೆಂಗಸು, ತಿಥಿ ತಪ್ಪಿದ್ದಾಳೆ, ಅದಕ್ಕಾಗಿ ದೇವರ ಹಕ್ಕಿಗೆ ಧಕ್ಕೆ ಆಗಬಾರದು, ಮತ್ತೊಮ್ಮೆ ಕಮಿಷನ್ ಕಳಿಸಿ ಎಂದು ಪ್ರಮಾಣಪತ್ರ ಹಾಕಬೇಕು. “ಮಾಸ್ತರ್ರೇ, ನಿಮ್ಮ ಅಕ್ಷರ ಚೆಂದ. ನೀವೇ ಬರೆಯಿರಿ,” ಎಂದು ಕಾಗದ ನನ್ನ ಮುಂದೆ ತಳ್ಳಿದರು.

ಬರೆದೆ. ‘ತಿಥಿ ಎಣಿಸುವಲ್ಲಿ ನನ್ನಿಂದಲೇ ತಪ್ಪಾಗಿರುತ್ತದೆ’ ಎಂದು ಅವಳ ಬಾಯಿಂದ ಬಂದದ್ದನ್ನು ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಪೆನ್ನು ಎಲ್ಲಿಯೂ ನಿಲ್ಲಲಿಲ್ಲ. ನಿಲ್ಲಿಸಿ, ತಪ್ಪು ನನ್ನದು ಎಂದು ಹೇಳುವುದಕ್ಕೆ ಐದು ನಿಮಿಷ ಸಿಕ್ಕಿತ್ತು. ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿದವನೂ ನಾನೇ.

ಬಸ್‌ಸ್ಟ್ಯಾಂಡಿನಲ್ಲಿ ನಾಗಿ ಎಲೆಯಡಿಕೆ ತರಲು ಹೋದಾಗ ಕೇಳಿದೆ, “ಬೆಳ್ಳಿ, ಯಾಕೆ ಹಾಗೆ ಹೇಳಿದೆ?”

“ಕಾರ್ಡು ಹೋದ ವಾರ ಸೋಮವಾರವೇ ಬಂದಿತ್ತು ಅಂತ ದೇವು ಹೇಳಿದ,” ಎಂದಳು. ದನಿ ಏರಿಸಲಿಲ್ಲ. “ನಿಮ್ಮ ಹೆಸ್ರು ಹೇಳಿದ್ರೆ ನಿಮ್ಮ ನೌಕ್ರಿ ಹೋತದೆ. ಬೇರೆ ಮಾಸ್ತರ್ರು ನಮ್ಮ ಕೇರಿಗೆ ಬರುದಿಲ್ಲ, ಶಾಲಿಗೆ ಬೀಗ ಬೀಳ್ತದೆ. ನನ್ನ ಹೆಸ್ರು ಹೋದ್ರೆ ಬಳಚು ಎಂತ ಬಾಯಿ ಮುಚ್ಕಂಡು ಕೂರ್ತದಾ? ಕೋಡಿ ಬಿಡ್ಸಿಕಂಡ್ರೆ ಆತು.” ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಹೇಳಿದಳು, “ನಿಮ್ಗೆ ನನ್ನ ಮೇಲೆ ಎಂತದೋ ಸಿಟ್ಟು ಅದೆ ಅಂತ ಗೊತ್ತಿತ್ತು. ಹೊಳೆ ನಿಮ್ಗೆ ಎಂತ ಮಾಡಿತ್ತು ಮಾಸ್ತರ್ರೆ? ಇನ್ನೊಂದು ಸಲ ಹಿಂಗೆ ಮಾಡಿದ್ರೆ ನಾನೇ ನಿಮ್ಮನ್ನ ಕೆಸ್ರಲ್ಲಿ ಹುಗೀತೆ.”

ಪ್ರಮಾಣಪತ್ರವನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ಕೇರಿಯ ಹೆಂಗಸರು ಹಿಂದಿನ ಬೆಂಚಿನಲ್ಲಿದ್ದರು. ತಿಥಿ ತಪ್ಪಿದ್ದು ನಿಜವೇ ಎಂದು ಮುನ್ಸೀಫರು ಕೇಳಿದರು. ಹೌದು ಎಂದಳು ಬೆಳ್ಳಿ. ಅಡುಗೆಯವಳು ತನಗೆ ಉಪ್ಪಿನ ರುಚಿ ತಿಳಿಯುವುದಿಲ್ಲ ಎಂದು ಸಂತೆಯಲ್ಲಿ ಹೇಳಿಕೊಂಡ ಹಾಗೆ.

ಎರಡನೆಯ ಕಮಿಷನ್ ಅಮಾವಾಸ್ಯೆಗೆ ಬಂತು. ಹನ್ನೊಂದು ಗಂಟೆಗೆ ಹೊಳೆ ಒಡ್ಡಿನ ಎದೆಮಟ್ಟಕ್ಕೆ ಬಂದು ನಿಂತಿತ್ತು. ಸರ್ವೆಯವರು ಮಟ್ಟ ಹಿಡಿದು ನೋಡಿದರು. ಹೊರಗಿನ ನೀರು ಒಳಗಿನ ಜಟಗನ ನೆತ್ತಿಗಿಂತ ಒಂದು ಮೊಳ ಮೇಲಿತ್ತು. ಎಂಬತ್ತೈದರಲ್ಲಿ ತೀರ್ಪಾಯಿತು. ಹೊಳೆಗೆ ಅಡ್ಡ ಕಟ್ಟಿದ್ದನ್ನು ತೆಗೆಯಬೇಕು, ದೇವರ ತನಕ ನೀರು ಹೋಗುವ ದಾರಿಯನ್ನು ಯಾರೂ ಮುಚ್ಚತಕ್ಕದ್ದಲ್ಲ. ಒಡ್ಡು ಒಡೆದ ದಿನ ನೀರು ಒಳಗೆ ನುಗ್ಗಿದ್ದನ್ನು ನೋಡಲು ತದಡಿಯಿಂದಲೂ ಜನ ಬಂದಿದ್ದರು.

ಗೆದ್ದವಳ ಮಾತನ್ನು ಆಮೇಲೆ ಯಾರೂ ಕೇಳಲಿಲ್ಲ. ನಾಗಿಯೇ ನನ್ನ ಜಗಲಿಯಲ್ಲಿ ನಿಂತು ನೀಲಾಳಿಗೆ ಹೇಳಿದಳು, “ಬೆಳ್ಳಿ ಒಳ್ಳೇಳೇ, ಇಲ್ಲ ಅಂಬುದಿಲ್ಲ. ಆದ್ರೆ ತಿಥಿ ತಪ್ಪಿದೋಳ ಮಾತು ನಂಬಿ ಹೊಳೆಗೆ ಇಳ್ದ್ರೆ ಮನೆಗೆ ಹೆಣ ಬತ್ತದೆ.” ಹೆಂಗಸರು ಹೊಳೆಗಿಳಿಯುವ ಹೊತ್ತು ಕೇಳಲು ನನ್ನ ಪಂಚಾಂಗದ ಹತ್ತಿರ ಬರತೊಡಗಿದರು. ಮದುವೆ ಮಾತು, ಜಗಳದ ಮಾತು ಎಲ್ಲ ಒಂದೊಂದಾಗಿ ನನ್ನ ಜಗಲಿಗೆ ಬಂದವು. ಹನ್ನೆರಡು ವರ್ಷ ನಾನು ಬಯಸಿದ್ದು ಅದನ್ನೇ. ನೀಲಾ ಮಾತ್ರ ಯಾರಾದರೂ ಅಂಗಳಕ್ಕೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವಳಿಗೆ ನಾನು ಎಲ್ಲವನ್ನೂ ಹೇಳಿದ್ದೆ.

ಕೋಡಿಯಲ್ಲಿ ಮತ್ತೆ ಬಳಚು ಬಲಿಯುವುದಕ್ಕೆ ಒಂದು ವರ್ಷ ಹಿಡಿಯಿತು. ಎಂಬತ್ತಾರರ ಕೊನೆಗೆ ಮೊದಲ ಸಲ ಇಳಿಯುವ ದಿನ ಇಡೀ ಕೇರಿ ದಂಡೆಯಲ್ಲಿ ಸೇರಿತ್ತು. ಏರುನೀರು ಎಷ್ಟು ಹೊತ್ತಿಗೆ ಎಂದು ಹೆಂಗಸರು ನನ್ನನ್ನು ಕೇಳಿದರು. ಅಷ್ಟು ಜನರ ಎದುರಿನಲ್ಲಿ ಪಂಚಾಂಗ ಬಿಚ್ಚಿ, ಎಣಿಸಿ, ಐದೂವರೆಯ ತನಕ ಭಯವಿಲ್ಲ ಎಂದೆ. ಒಬ್ಬಳು ತಮಾಷೆಗೆ, “ಬೆಳ್ಳೀನೂ ಒಂದು ಮಾತು ಕೇಳ್ವನಾ?” ಎಂದಳು. ಕೆಲವರು ನಕ್ಕರು. ಬೆಳ್ಳಿ ಬುಟ್ಟಿ ಸೊಂಟಕ್ಕೇರಿಸುತ್ತ, “ಮಾಸ್ತರ್ರು ಹೇಳಿದ್ರಲ್ಲ, ಆತು,” ಎಂದು ಕೆಸರಿಗಿಳಿದಳು.

ಪಂಚಾಂಗದಲ್ಲಿ ನಾನು ನೋಡಿದ್ದು ಮರುದಿನದ ಸಾಲು. ಎರಡು ಗಳಿಗೆಯಷ್ಟು ಲೆಕ್ಕ ತಪ್ಪಿತ್ತು. ನನಗೆ ಅದು ಗೊತ್ತಾದದ್ದು, ನಾಲ್ಕೂಮುಕ್ಕಾಲಿಗೆ ಬೆಳ್ಳಿ ಅರ್ಧ ತುಂಬಿದ ಬುಟ್ಟಿ ಎತ್ತಿಕೊಂಡು ದಂಡೆಯ ಕಡೆ ಹೊರಟಾಗ. ಅವಳು ಯಾರಿಗೂ ಏಳಿ ಎನ್ನಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ನಾಗಿ ಒಮ್ಮೆ ತಲೆಯೆತ್ತಿ ನೋಡಿ ತಾನೂ ಕಾಲು ಕಿತ್ತಳು. ಅವಳ ಹಿಂದೆ ಮತ್ತೊಬ್ಬಳು. ಒಂದು ಮಾತಿಲ್ಲದೆ ಇಪ್ಪತ್ತು ಹೆಂಗಸರೂ ಬೆಳ್ಳಿಯ ಬೆನ್ನಿಗೆ ಸಾಲಾಗಿ ಬಂದು ದಂಡೆ ಹತ್ತಿದರು. ಕೊನೆಯವಳ ಹಿಮ್ಮಡಿಗೆ ನೀರು ತಾಗುತ್ತಿತ್ತು. ಪಂಚಾಂಗ ಹಿಡಿದುಕೊಂಡು ನಾನು ನಿಂತಲ್ಲೇ ನಿಂತಿದ್ದೆ. ಇಪ್ಪತ್ತು ಜೀವ ಉಳಿಯಿತು ಎಂದು ನನಗೆ ಮೊದಲು ಅನಿಸಲಿಲ್ಲ. ಮೊದಲು ಹತ್ತಿಕೊಂಡದ್ದು ಆ ಹಳೆಯ ಹೊಟ್ಟೆಕಿಚ್ಚೇ.